ಹೆಣ್ಣಿನ ದೇಹದ ಸಹಜ ವೈವಿಧ್ಯ ಮತ್ತು ಕಲಾ ಛಾಯಾಗ್ರಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಯಾವ ಬಗೆಯ ಛಾಯಾಗ್ರಹಣದ ಬಗ್ಗೆ?

ವಯಸ್ಕ ಮಹಿಳೆಯರು ತಾವಾಗಿ ಒಪ್ಪಿ, ತಮ್ಮ ದೇಹ ಹೇಗಿದೆಯೋ ಹಾಗೆಯೇ ದಾಖಲಾಗಲಿ ಎಂದು ತೆಗೆಸಿಕೊಂಡ, ಆಮೇಲೆ ಯಾರೂ ತಿದ್ದದ ಚಿತ್ರಸರಣಿಗಳ ಬಗ್ಗೆ. ಬ್ರಿಟನ್ನಿನ ಛಾಯಾಗ್ರಾಹಕಿ ಲಾರಾ ಡಾಡ್ಸ್‌ವರ್ತ್ ಅವರ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ನೂರು ಮಹಿಳೆಯರ ಸ್ತನಗಳ ಚಿತ್ರ ತೆಗೆದು, ಪ್ರತಿಯೊಬ್ಬರೊಂದಿಗೂ ಕುಳಿತು ಮಾತನಾಡಿ, ಚಿತ್ರವನ್ನೂ ಮಾತನ್ನೂ ಜೊತೆಯಾಗಿಟ್ಟು 2015ರಲ್ಲಿ ‘ಬೇರ್ ರಿಯಾಲಿಟಿ’ ಎಂಬ ಪುಸ್ತಕವನ್ನು ಹೊರತಂದರು. ಚಿತ್ರಗಳಲ್ಲಿ ಮುಖವಿಲ್ಲ, ಮಾತು ಮಾತ್ರ ಇದೆ. ಹೆತ್ತು ಹಾಲೂಡಿಸಿದವರು, ಹೆರದವರು, ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರು, ಬೌದ್ಧ ಸನ್ಯಾಸಿನಿ, ರಂಗದ ನರ್ತಕಿ ಎಲ್ಲರೂ ಅದರಲ್ಲಿದ್ದಾರೆ. ಇದೇ ವಿಧಾನವನ್ನು ಅವರು ಮುಂದೆ ಯೋನಿಯ ಹೊರಭಾಗಕ್ಕೂ ಅನ್ವಯಿಸಿದರು. ಆ ಕೆಲಸವನ್ನು ಆಧರಿಸಿದ ಸಾಕ್ಷ್ಯಚಿತ್ರವೊಂದನ್ನು ಬ್ರಿಟನ್ನಿನ ಚಾನೆಲ್ 4 ವಾಹಿನಿ 2019ರ ಫೆಬ್ರುವರಿಯಲ್ಲಿ ಪ್ರಸಾರ ಮಾಡಿತು.

ಆಸ್ಟ್ರೇಲಿಯಾದಲ್ಲಿ ಇದೇ ಕೆಲಸ ಬೇರೊಂದು ದಾರಿಯಿಂದ ಬಂತು. ಮೆಲ್ಬರ್ನ್‌ನ ‘ವಿಮೆನ್ಸ್ ಹೆಲ್ತ್ ವಿಕ್ಟೋರಿಯಾ’ ಎಂಬ ಆರೋಗ್ಯ ಸಂಸ್ಥೆ 2013ರಲ್ಲಿ ‘ಲೇಬಿಯಾ ಲೈಬ್ರರಿ’ (ಲೇಬಿಯಾ ಎಂದರೆ ಯೋನಿಯ ತುಟಿಗಳು) ಎಂಬ ಹೆಸರಿನಲ್ಲಿ, ಆ ಭಾಗದ ತಿದ್ದದ ಛಾಯಾಚಿತ್ರಗಳ ಸಂಗ್ರಹವೊಂದನ್ನು ಸಾರ್ವಜನಿಕರಿಗೆ ತೆರೆಯಿತು.

ಒಂದು ಒಳ್ಳೆಯ ಚಿತ್ರ ಸಾಲದೆ? ನೂರು ಚಿತ್ರ ಏಕೆ ಬೇಕು?

ಈ ಕಲೆಯ ಮುಖ್ಯ ವಿಷಯವೇ ಇದು. ಒಂದು ಚಿತ್ರ ಎಷ್ಟೇ ಪ್ರಾಮಾಣಿಕವಾಗಿದ್ದರೂ ನೋಡುವವಳು ತನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಅಳೆದುಕೊಳ್ಳುತ್ತಾಳೆ. ಚಿತ್ರದಲ್ಲಿರುವವಳು ತಾನು ಬಯಸದಿದ್ದರೂ ಮಾದರಿಯಾಗಿಬಿಡುತ್ತಾಳೆ. ಎರಡು ಚಿತ್ರಗಳನ್ನಿಟ್ಟರೆ ಯಾವುದು ಚೆಂದ ಎಂಬ ಪ್ರಶ್ನೆ ಹುಟ್ಟುತ್ತದೆ. ಅದೇ ದೂರ, ಅದೇ ಬೆಳಕು, ಅದೇ ಚೌಕಟ್ಟಿನಲ್ಲಿ ನೂರನ್ನು ಸಾಲಾಗಿ ಇಟ್ಟಾಗ ಹೋಲಿಸುವ ಕೆಲಸ ಕಣ್ಣಿಗೇ ಸಾಕಾಗಿಹೋಗುತ್ತದೆ. ಇಪ್ಪತ್ತನೆಯದೋ ಮೂವತ್ತನೆಯದೋ ಬರುವ ಹೊತ್ತಿಗೆ ನಾವು ಸುಂದರ, ಅಸುಂದರ ಎಂದು ವಿಂಗಡಿಸುವುದನ್ನು ಬಿಟ್ಟು, ‘ಹೀಗೂ ಇರುತ್ತದೆ, ಹೀಗೂ ಇರುತ್ತದೆ’ ಎಂದು ನೋಡತೊಡಗುತ್ತೇವೆ.

ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಶಿಲ್ಪಿ ಜೇಮೀ ಮೆಕಾರ್ಟ್ನಿ ಕ್ಯಾಮೆರಾದ ಬದಲು ಪ್ಲಾಸ್ಟರಿನಲ್ಲಿ ಇದೇ ತರ್ಕವನ್ನು ನಡೆಸಿದರು. 400 ಮಹಿಳೆಯರ ಯೋನಿಯ ಹೊರಭಾಗದ ಅಚ್ಚುಗಳನ್ನು ತೆಗೆದು, ನಲವತ್ತರಂತೆ ಹತ್ತು ಫಲಕಗಳಲ್ಲಿ ಜೋಡಿಸಿದರು; ಕೆಲಸಕ್ಕೆ ಸುಮಾರು ಐದು ವರ್ಷ ಹಿಡಿಯಿತು. ತಾಯಿ ಮಗಳು, ಅವಳಿ ಸೋದರಿಯರು ಕೂಡ ಅದರಲ್ಲಿದ್ದಾರೆ. ಅಚ್ಚುಗಳೆಲ್ಲ ಬಿಳಿಯವಾದ್ದರಿಂದ ಬಣ್ಣದ ವೈವಿಧ್ಯ ಅಲ್ಲಿ ಕಾಣುವುದಿಲ್ಲ. ಅದು ಕಾಣಬೇಕಾದರೆ ಛಾಯಾಚಿತ್ರವೇ ಬೇಕು.

ಚಿತ್ರ ನೋಡಿದ ಮಾತ್ರಕ್ಕೆ ಮನಸ್ಸು ಬದಲಾಗುತ್ತದೆಯೇ?

ಸ್ವಲ್ಪಮಟ್ಟಿಗೆ ಬದಲಾಗುತ್ತದೆ, ಮತ್ತು ಯಾವುದನ್ನು ಮೊದಲು ನೋಡುತ್ತೇವೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕಿಯರು 18ರಿಂದ 30 ವರ್ಷದ 97 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಸಿದರು. ಶಸ್ತ್ರಚಿಕಿತ್ಸೆಯಿಂದ ಮಾರ್ಪಡಿಸಿದ ಯೋನಿಯ ಚಿತ್ರಗಳನ್ನು ಮೊದಲು ನೋಡಿದವರು, ಮುಂದೆ ತೋರಿಸಿದ ಚಿತ್ರಗಳಲ್ಲಿಯೂ ಮಾರ್ಪಡಿಸಿದವುಗಳನ್ನೇ ಹೆಚ್ಚು ಸಹಜವೆಂದು ಗುರುತಿಸಿದರು. ಸಹಜವೆಂಬ ಕಲ್ಪನೆ ಕೆಲವೇ ನಿಮಿಷಗಳ ನೋಟದಲ್ಲಿ ಜರುಗಬಲ್ಲದು ಎಂದು 2014ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಜರುಗುವುದು ಇನ್ನೊಂದು ದಿಕ್ಕಿಗೂ ಸಾಧ್ಯ. ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ 43 ಯುವತಿಯರ ಪೈಕಿ ಕೆಲವರಿಗೆ ತಿದ್ದದ ಯೋನಿಚಿತ್ರಗಳನ್ನು, ಉಳಿದವರಿಗೆ ಸಾಧಾರಣ ವಸ್ತುಗಳ ಚಿತ್ರಗಳನ್ನು ತೋರಿಸಲಾಯಿತು. ಸಹಜ ಚಿತ್ರಗಳನ್ನು ನೋಡಿದವರಲ್ಲಿ ತಮ್ಮ ದೇಹದ ಬಗೆಗಿನ ಅಭಿಪ್ರಾಯ ಉತ್ತಮಗೊಂಡಿತ್ತು. ಎರಡು ವಾರಗಳ ನಂತರ ಕೇಳಿದಾಗಲೂ ಅದು ಉಳಿದಿತ್ತು. ನಲವತ್ತಮೂರು ದೊಡ್ಡ ಸಂಖ್ಯೆಯಲ್ಲವಾದ್ದರಿಂದ ಇದರ ಮೇಲೆ ಅತಿಯಾದ ಭಾರ ಹೊರಿಸಬಾರದು. ಆದರೂ ಚಿತ್ರಸರಣಿಗಳ ಮುಂದೆ ನಿಂತ ಮಹಿಳೆಯರು ಹೇಳಿಕೊಳ್ಳುವ ಅನುಭವಕ್ಕೂ ಇದಕ್ಕೂ ಹೊಂದಾಣಿಕೆಯಿದೆ.

ಹಾಗಾದರೆ ಸಹಜ ಎಂದರೆ ಎಷ್ಟು, ಹೇಗೆ?

ವೈದ್ಯರಿಗೇ ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ, ಏಕೆಂದರೆ ಅಳೆದು ನೋಡಿದವರೇ ಕಡಿಮೆ. ಲಂಡನ್ನಿನಲ್ಲಿ 50 ಮಹಿಳೆಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋನಿಯ ಒಳತುಟಿಗಳ ಉದ್ದ 20 ಮಿಲಿಮೀಟರಿನಿಂದ 100 ಮಿಲಿಮೀಟರಿನವರೆಗೆ, ಅಗಲ 7ರಿಂದ 50 ಮಿಲಿಮೀಟರಿನವರೆಗೆ ಇತ್ತು. ಐವತ್ತೇ ಜನರಲ್ಲಿ ಅಗಲ ಏಳು ಪಟ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಒಂದು ಕ್ಷಣ ಯೋಚಿಸಿ: ಮೂಗಿನ ಅಗಲದಲ್ಲಿ ಇಷ್ಟು ವ್ಯತ್ಯಾಸ ಇರುವುದಿಲ್ಲ. ಮುಂದೆ 2018ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನ ವೈದ್ಯರು 15ರಿಂದ 84 ವರ್ಷದ 657 ಮಹಿಳೆಯರ ಅಳತೆಗಳನ್ನು ಪ್ರಕಟಿಸಿದರು; ಅಲ್ಲಿಯೂ ಕಂಡದ್ದು ಇಂಥದೇ ವಿಸ್ತಾರ.

ಒಳತುಟಿ ಹೊರತುಟಿಯನ್ನು ದಾಟಿ ಹೊರಗೆ ಕಾಣುವುದು, ಎಡಬಲ ಒಂದೇ ಸಮ ಇಲ್ಲದಿರುವುದು, ಅಂಚು ನೆರಿಗೆ ನೆರಿಗೆಯಾಗಿರುವುದು, ಸುತ್ತಲಿನ ಚರ್ಮಕ್ಕಿಂತ ಬಣ್ಣ ಗಾಢವಾಗಿರುವುದು ಇವೆಲ್ಲ ಸಾಮಾನ್ಯ. ಸ್ತನಗಳ ವಿಷಯದಲ್ಲಿಯೂ ಹಾಗೆಯೇ. ಒಂದು ಸ್ತನ ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು ಬಹುಪಾಲು ಹೆಂಗಸರಲ್ಲಿ ಕಾಣುವ ಸಂಗತಿ. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದಲ್ಲಿ ಕಾಣುವ ಸಣ್ಣ ಗುಳ್ಳೆಗಳು ಜಿಡ್ಡು ಸ್ರವಿಸುವ ಗ್ರಂಥಿಗಳೇ ಹೊರತು ಮೊಡವೆಯಲ್ಲ. ಅಲ್ಲಿ ನಾಲ್ಕು ಕೂದಲು ಬೆಳೆಯುವುದೂ ಸಹಜ. ಹುಟ್ಟಿನಿಂದ ಒಳಸರಿದ ತೊಟ್ಟು, ಕಂಕುಳಿನಿಂದ ತೊಡೆಸಂದಿಯವರೆಗಿನ ರೇಖೆಯಲ್ಲಿ ಮಚ್ಚೆಯಂತೆ ಕಾಣುವ ಮೂರನೆಯ ತೊಟ್ಟು, ಬಸಿರಿನಲ್ಲಿ ಹೊಟ್ಟೆಯ ಮೇಲೆ ಮೂಡಿ ಕ್ರಮೇಣ ಬೆಳ್ಳಗಾಗುವ ಗೆರೆಗಳು, ಮುಟ್ಟು ನಿಂತ ಮೇಲೆ ಸ್ತನ ಸಡಿಲವಾಗುವುದು, ಇವುಗಳಲ್ಲಿ ಯಾವುದಕ್ಕೂ ಚಿಕಿತ್ಸೆ ಬೇಕಿಲ್ಲ.

ಯಾವುದನ್ನು ವೈವಿಧ್ಯವೆಂದು ಸುಮ್ಮನೆ ಬಿಡಬಾರದು?

ಹೊಸದಾಗಿ ಬಂದ ಬದಲಾವಣೆಯನ್ನು. ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಗಂಟು, ಮೊದಲು ಹೊರಗಿದ್ದು ಈಗ ಒಳಸರಿದ ತೊಟ್ಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತ, ಯೋನಿಯ ಸುತ್ತ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ, ಬಿಡದ ತುರಿಕೆ ಅಥವಾ ಊತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ತನ್ನ ದೇಹವನ್ನು ನೋಡಲು ಹೇಸುವವಳಿಗೆ ಇಂಥ ಬದಲಾವಣೆ ತಡವಾಗಿ ತಿಳಿಯುತ್ತದೆ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ ಆಗಿರುವಾಗ ದೇಹಸ್ವೀಕಾರದ ಮಾತನ್ನು ಬರಿಯ ಸೌಂದರ್ಯದ ಚರ್ಚೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಈ ಅಂಗಗಳಿಗೆ ಕನ್ನಡದಲ್ಲಿ ಯಾವ ಪದ ಬಳಸಬೇಕು?

‘ಆ ಜಾಗ’, ‘ಕೆಳಗಡೆ’ ಎಂದೇ ಮಾತು ಮುಗಿಸುವ ಅಭ್ಯಾಸ ನಮ್ಮಲ್ಲಿದೆ. ಯೋನಿ ಎಂಬ ಪದವನ್ನು ಒಳಗಿನ ಮಾರ್ಗಕ್ಕೂ ಹೊರಗೆ ಕಾಣುವ ಭಾಗಕ್ಕೂ ಒಟ್ಟಾಗಿ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಆದ್ದರಿಂದ ‘ಯೋನಿಯ ಹೊರಭಾಗ’, ‘ಹೊರತುಟಿ’, ‘ಒಳತುಟಿ’ ಎಂದು ಬಿಡಿಸಿ ಹೇಳುವುದು ಅನುಕೂಲ. ಈ ಗೊಂದಲ ಇಂಗ್ಲಿಷಿನವರಿಗೂ ತಪ್ಪಿದ್ದಲ್ಲ: ಮೇಲೆ ಹೇಳಿದ ಶಿಲ್ಪಿ ಮತ್ತು ಸಾಕ್ಷ್ಯಚಿತ್ರದವರಿಬ್ಬರೂ ತೋರಿಸಿದ್ದು ಹೊರಭಾಗವನ್ನು, ಶೀರ್ಷಿಕೆಯಲ್ಲಿ ಬಳಸಿದ್ದು ಒಳಮಾರ್ಗದ ಹೆಸರನ್ನು. ಸ್ತನಕ್ಕೆ ಮೊಲೆ ಎಂಬ ಹಳೆಯ, ಘನತೆಯ ಕನ್ನಡ ಪದವಿದ್ದು ‘ಮೊಲೆಹಾಲು’ ಎನ್ನುವಾಗ ಯಾರೂ ತಲೆ ತಗ್ಗಿಸುವುದಿಲ್ಲ. ಹಾಲಿನ ಮಾತು ಬಿಟ್ಟೊಡನೆ ಅದು ಹೇಗೆ ಒರಟು ಪದವಾಯಿತೋ ತಿಳಿಯದು.

ಇಷ್ಟು ಅಳತೆ, ಇಷ್ಟು ಶಿಸ್ತು ಇದ್ದರೆ ಇದು ವೈದ್ಯಕೀಯ ದಾಖಲೆಯಾಗುವುದಿಲ್ಲವೇ? ಕಲೆ ಎಲ್ಲಿದೆ?

ವೈದ್ಯಕೀಯ ಚಿತ್ರದಲ್ಲಿ ದೇಹ ಒಂದು ಪ್ರಕರಣವಾಗಿರುತ್ತದೆ, ಅದರ ಒಡತಿಯ ಮಾತಿಗೆ ಅಲ್ಲಿ ಜಾಗವಿರುವುದಿಲ್ಲ. ಕಲಾವಿದೆ ಆ ಶಿಸ್ತನ್ನು ಎರವಲು ಪಡೆದು, ಮಾತನ್ನು ಒಡತಿಗೆ ಮರಳಿಸುತ್ತಾಳೆ. ಉಳಿದ ಕಲೆಯೆಲ್ಲ ಬೆಳಕಿನಲ್ಲಿದೆ. ಪಕ್ಕದಿಂದ ಬೀಳುವ ತೀಕ್ಷ್ಣ ಬೆಳಕು ಪ್ರತಿ ಸುಕ್ಕನ್ನೂ ಹಳ್ಳವಾಗಿಸುತ್ತದೆ, ನೇರ ಫ್ಲ್ಯಾಶ್ ದೇಹದ ಉಬ್ಬುತಗ್ಗನ್ನು ಅಳಿಸಿ ಸಪಾಟಾಗಿಸುತ್ತದೆ. ದೊಡ್ಡ ಕಿಟಕಿಯಿಂದಲೋ ತೆಳುಬಟ್ಟೆಯ ಮೂಲಕವೋ ಹಾಯ್ದು ಬಂದ ಬೆಳಕು ಇವೆರಡರ ನಡುವೆ ನಿಲ್ಲುತ್ತದೆ. ಅಗಲ ಕೋನದ ಲೆನ್ಸ್ ಹಿಡಿದು ಹತ್ತಿರ ಹೋದರೆ ಮುಂದಿರುವ ಭಾಗ ಊದಿದಂತೆ ಕಾಣುವುದರಿಂದ, ಪೂರ್ಣ ಗಾತ್ರದ ಸೆನ್ಸರಿನ ಕ್ಯಾಮೆರಾದಲ್ಲಿ 85 ಅಥವಾ 100 ಮಿಲಿಮೀಟರಿನ ಲೆನ್ಸ್ ಹಾಕಿ ಸ್ವಲ್ಪ ದೂರ ನಿಲ್ಲುವುದು ವಾಡಿಕೆ.

ಬಣ್ಣದ ವಿಷಯ ನಮ್ಮ ಚರ್ಮದವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಫಿಲ್ಮಿನ ಕಾಲದಲ್ಲಿ ಮುದ್ರಣದ ಬಣ್ಣ ಹೊಂದಿಸಲು ಕೊಡಾಕ್ ಕಂಪನಿ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಚಿತ್ರ. ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರು. ಅವಳ ಮೈಬಣ್ಣ ಸರಿಬಂದರೆ ಎಲ್ಲ ಸರಿ ಎಂಬ ಲೆಕ್ಕ. ಇಂದಿನ ಹಲವು ಫೋನ್ ಕ್ಯಾಮೆರಾಗಳೂ ಕೇಳದೆಯೇ ಚರ್ಮವನ್ನು ನಯಗೊಳಿಸಿ ತಿಳಿಯಾಗಿಸುತ್ತವೆ. ಆದ್ದರಿಂದ ಇಂಥ ಸರಣಿ ತೆಗೆಯುವವರು ಬಣ್ಣದ ಪಟ್ಟಿಯೊಂದನ್ನು ಮೊದಲ ಚಿತ್ರದಲ್ಲಿಟ್ಟು, ಅದಕ್ಕೆ ಹೊಂದಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಬೇಲೂರಿನ ಮದನಿಕೆಯರು ನಮ್ಮಲ್ಲೇ ಇರುವಾಗ ಈ ಪಾಠಕ್ಕೆ ಬ್ರಿಟನ್ ಏಕೆ?

ನಗ್ನತೆಗೆ ನಮ್ಮ ಶಿಲ್ಪಿಗಳು ಅಂಜಲಿಲ್ಲ ಎಂಬುದು ನಿಜ, ಅದರ ಬಗ್ಗೆ ಹೆಮ್ಮೆಪಡುವುದೂ ನ್ಯಾಯ. ಆದರೆ ನಗ್ನತೆ ಬೇರೆ, ವೈವಿಧ್ಯ ಬೇರೆ. ಶಿಲ್ಪಶಾಸ್ತ್ರದ ತಾಳಮಾನ ಮುಖದ ಉದ್ದವನ್ನೇ ಅಳತೆಗೋಲಾಗಿಟ್ಟು ಇಡೀ ದೇಹದ ಪ್ರಮಾಣವನ್ನು ಗೊತ್ತುಪಡಿಸುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಭಂಗಿ, ಆಭರಣ, ಕೈಯಲ್ಲಿನ ವಸ್ತು ಎಲ್ಲ ಬೇರೆ ಬೇರೆ. ಎದೆ, ಸೊಂಟಗಳು ಮಾತ್ರ ಒಂದೇ ಆದರ್ಶದ ಮರುಹುಟ್ಟು. ಅವರಲ್ಲಿ ಹೆತ್ತು ಹೊಟ್ಟೆ ಸಡಿಲಾದವಳನ್ನು ಹುಡುಕಬಾರದು. ನನ್ನ ಮಟ್ಟಿಗೆ ಈ ಚರ್ಚೆಗೆ ಹತ್ತಿರವಾದದ್ದು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ, ನಾಗನಾಥಕೊಳ್ಳದಿಂದ ಬಂದ ಲಜ್ಜಾಗೌರಿ. ಅವಳ ತಲೆಯ ಜಾಗದಲ್ಲಿ ಕಮಲವಿದೆ, ಕಾಲುಗಳು ಅಗಲವಾಗಿವೆ, ನಾಚಿಕೆಯ ಸುಳಿವೇ ಇಲ್ಲ. ಮುಖವಿಲ್ಲದ ಡಾಡ್ಸ್‌ವರ್ತ್ ಚಿತ್ರಗಳನ್ನು ನೋಡುವಾಗ ಆ ಕಮಲ ನೆನಪಾಗದಿರದು. ಆದರೂ ಅವಳು ದೇವತೆ. ಪಕ್ಕದ ಮನೆಯ ಹೆಣ್ಣಿನ ದೇಹ ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರಿಸುವುದು ಅವಳ ಕೆಲಸವಲ್ಲ.

ರೋಗದಿಂದ, ಶಸ್ತ್ರಚಿಕಿತ್ಸೆಯಿಂದ ಬದಲಾದ ದೇಹವೂ ಇದರಲ್ಲಿ ಸೇರುತ್ತದೆಯೇ?

ಸೇರುತ್ತದೆ, ಮತ್ತು ಒಂದು ರೀತಿಯಲ್ಲಿ ಈ ಪರಂಪರೆ ಗಟ್ಟಿಯಾದದ್ದೇ ಅಲ್ಲಿ. ಅಮೆರಿಕದ ಲೇಖಕಿ ಡೀನಾ ಮೆಟ್ಜ್‌ಗರ್ ಸ್ತನ ತೆಗೆಸಿದ ಮೇಲೆ, ಗಾಯದ ಗುರುತಿನ ಉದ್ದಕ್ಕೂ ಹಚ್ಚೆ ಹಾಕಿಸಿಕೊಂಡು, ತೋಳುಗಳನ್ನು ಚಾಚಿ ಆಕಾಶಕ್ಕೆ ಮುಖವೊಡ್ಡಿ ನಿಂತ ಚಿತ್ರವನ್ನು ಛಾಯಾಗ್ರಾಹಕಿ ಹೆಲ್ಲಾ ಹ್ಯಾಮಿಡ್ 1970ರ ದಶಕದಲ್ಲಿ ತೆಗೆದರು. 1993ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಮ್ಯಾಗಜೀನ್ ಮುಖಪುಟದಲ್ಲಿ, ಬಿಳಿಯ ಉಡುಪಿನ ಒಂದು ಬದಿ ತೆರೆದು ಸ್ತನವಿಲ್ಲದ ಎದೆಯನ್ನು ತೋರಿಸುವ ಕಲಾವಿದೆ ಮಟುಷ್ಕಾ ಅವರ ಸ್ವಚಿತ್ರ ಬಂತು. ಅದನ್ನು ಮೆಚ್ಚಿ ಬರೆದವರೂ ಹಳಿದು ಬರೆದವರೂ ಬಹಳ ಮಂದಿ. ಬೆಳಗಿನ ಕಾಫಿಯ ಜೊತೆ ಇಂಥದ್ದನ್ನು ನೋಡಲಾಗದು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆ ಎದೆಯೊಂದಿಗೇ ದಿನವೂ ಏಳುವವಳ ಬೆಳಗು ಅವರ ಎಣಿಕೆಗೆ ಬರುವುದಿಲ್ಲ.

ಲೇಬಿಯಾ ಲೈಬ್ರರಿಯಂಥ ಕೆಲಸ ಆಸ್ಟ್ರೇಲಿಯಾದಲ್ಲಿಯೇ ಹುಟ್ಟಲು ಕಾರಣವೇನು?

ಒಂದು ನಿಯಮದ ವಿಚಿತ್ರ ಪರಿಣಾಮ ಅದಕ್ಕೆ ಹಿನ್ನೆಲೆಯಾಗಿತ್ತು. ಅಂಗಡಿಗಳಲ್ಲಿ ನಿರ್ಬಂಧವಿಲ್ಲದೆ ಮಾರುವ ಪತ್ರಿಕೆಗಳಲ್ಲಿ ಜನನಾಂಗದ ವಿವರ ಎದ್ದು ಕಾಣಬಾರದೆಂದು ಅಲ್ಲಿನ ವರ್ಗೀಕರಣ ಮಾರ್ಗಸೂಚಿ ಹೇಳುತ್ತಿದ್ದುದರಿಂದ, ಪ್ರಕಾಶಕರು ಒಳತುಟಿಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ, ಒಂದೇ ಗೆರೆಯಾಗಿ ಉಳಿಸಿ ಮುದ್ರಿಸತೊಡಗಿದರು. ಅಶ್ಲೀಲತೆ ತಡೆಯಲು ಮಾಡಿದ ನಿಯಮ, ಇಲ್ಲದ ಅಂಗವೊಂದನ್ನು ಮಾದರಿಯಾಗಿ ನಿಲ್ಲಿಸಿತು. ಇತ್ತ ಒಳತುಟಿಯನ್ನು ಕತ್ತರಿಸಿ ಸಣ್ಣದಾಗಿಸುವ ಶಸ್ತ್ರಚಿಕಿತ್ಸೆ ಆ ದೇಶದಲ್ಲಿ ಸುಮಾರು ಒಂದು ದಶಕದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಬ್ರಿಟನ್ನಿನ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ರಾಯಲ್ ಕಾಲೇಜು 2013ರಲ್ಲಿಯೇ, ಹದಿನೆಂಟು ತುಂಬುವ ಮೊದಲು ಬೆಳವಣಿಗೆ ಪೂರ್ಣವಾಗಿರುವುದಿಲ್ಲವಾದ್ದರಿಂದ ಚಂದಕ್ಕಾಗಿ ಇಂಥ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಹೇಳಿತ್ತು. ನಿಜವಾದ ನೋವಿಗೆ ಅದನ್ನು ಮಾಡಿಸಿಕೊಳ್ಳುವವರೂ ಇದ್ದಾರೆ, ಅವರನ್ನು ಇಲ್ಲಿ ಎಳೆದು ತರಬೇಕಿಲ್ಲ.

ನಮ್ಮಲ್ಲಿ ಒತ್ತಡದ ರೂಪ ಬೇರೆ: ಆಕಾರಕ್ಕಿಂತ ಬಣ್ಣ. ಗುಪ್ತಾಂಗವನ್ನು ಬೆಳ್ಳಗಾಗಿಸುತ್ತದೆ ಎಂದು ಹೇಳಿಕೊಂಡ ದ್ರಾವಣದ ಜಾಹೀರಾತೊಂದು 2012ರಲ್ಲಿ ಭಾರತದ ಟಿವಿಯಲ್ಲಿ ಬಂದು ದೊಡ್ಡ ವಿವಾದವಾಯಿತು.

ಭಾರತದಲ್ಲಿ ಇಂಥ ಚಿತ್ರ ತೆಗೆಯುವುದು, ಪ್ರಕಟಿಸುವುದು ಅಪರಾಧವೇ?

ನಗ್ನತೆಯೇ ಅಶ್ಲೀಲವಲ್ಲ ಎಂಬುದು ನ್ಯಾಯಾಲಯಗಳ ನಿಲುವು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತಮ್ಮ ಭಾವಿ ಪತ್ನಿಯೊಂದಿಗೆ ನಗ್ನರಾಗಿದ್ದ, ವರ್ಣದ್ವೇಷದ ವಿರುದ್ಧ ತೆಗೆಸಿಕೊಂಡ ಚಿತ್ರವನ್ನು ಕೋಲ್ಕತ್ತದ ಪತ್ರಿಕೆಗಳು ಮರುಮುದ್ರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟು, ಇಡೀ ಕೃತಿಯ ಸಂದರ್ಭವನ್ನೂ ಇಂದಿನ ಸಮಾಜದ ಮಾನದಂಡವನ್ನೂ ನೋಡಬೇಕೆಂದಿತು. ಮಗುವಿಗೆ ಹಾಲೂಡಿಸುವ ರೂಪದರ್ಶಿಯ ಚಿತ್ರವನ್ನು ಮುಖಪುಟದಲ್ಲಿ ಹಾಕಿದ ಮಲಯಾಳ ಪತ್ರಿಕೆಯ ವಿರುದ್ಧದ ಅರ್ಜಿಯನ್ನು ಕೇರಳ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು. ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಅಶ್ಲೀಲ ಪ್ರಕಟಣೆಯನ್ನು ಶಿಕ್ಷಿಸುವುದಾದರೂ, ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಾಗಿ ಸಾರ್ವಜನಿಕ ಹಿತದ ಪ್ರಕಟಣೆಗೆ ವಿನಾಯಿತಿ ಕೊಡುತ್ತದೆ. ಹಾಗೆಂದು ನಿಶ್ಚಿಂತರಾಗುವಂತಿಲ್ಲ: ತೀರ್ಪು ಬರುವುದು ಪ್ರಕರಣ ದಾಖಲಾಗಿ ವರ್ಷಗಳಾದ ಮೇಲೆ, ಮತ್ತು ಆನ್‌ಲೈನ್ ಪ್ರಕಟಣೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆದರೆ ಅಥವಾ ಹಂಚಿದರೆ ಅದೇ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ಹದಿನೆಂಟರೊಳಗಿನವರ ಇಂಥ ಚಿತ್ರ ಯಾವ ಉದ್ದೇಶಕ್ಕೂ ಕೂಡದು.

ನಾನು ಇಂಥ ಸರಣಿಗೆ ಚಿತ್ರ ತೆಗೆಸಿಕೊಳ್ಳಬೇಕೆಂದಿದ್ದೇನೆ. ಏನನ್ನು ಗಮನಿಸಬೇಕು?

ಒಪ್ಪಿಗೆ ಬರಹದಲ್ಲಿರಲಿ, ಚಿತ್ರ ಎಲ್ಲಿ, ಎಷ್ಟು ಕಾಲ, ಯಾವ ಬಗೆಯಲ್ಲಿ ಬಳಕೆಯಾಗುತ್ತದೆ ಎಂಬುದೂ, ಪ್ರಕಟವಾಗುವ ಮೊದಲು ನೀವು ಮನಸ್ಸು ಬದಲಿಸಿದರೆ ಚಿತ್ರವನ್ನು ಅಳಿಸಲಾಗುತ್ತದೆ ಎಂಬುದೂ ಅದರಲ್ಲಿರಲಿ. ಪ್ರಕಟವಾದ ಮೇಲೆ ಪೂರ್ತಿ ಹಿಂಪಡೆಯುವುದು ಯಾರಿಂದಲೂ ಆಗದ ಮಾತು, ಅದನ್ನು ತಿಳಿದೇ ಒಪ್ಪಬೇಕು. ಮುಖ ಕಾಣದಿದ್ದರೂ ಹಚ್ಚೆ, ಮಚ್ಚೆ, ತಾಳಿ, ಕಾಲುಂಗುರ, ಹಾಸಿಗೆಯ ಹೊದಿಕೆ ಕೂಡ ಗುರುತು ಬಿಟ್ಟುಕೊಡುತ್ತವೆ. ಚಿತ್ರದ ಕಡತದೊಳಗೆ ದಿನಾಂಕ ಮತ್ತು ಸ್ಥಳದ ವಿವರ ಅಡಗಿರಬಹುದಾದ್ದರಿಂದ ಅದನ್ನು ತೆಗೆಸಿರಿ. ನಿಮ್ಮ ನಂಬಿಕೆಯ ಇನ್ನೊಬ್ಬರು ಕೋಣೆಯಲ್ಲಿರುವುದಕ್ಕೆ ಆಕ್ಷೇಪಿಸುವ ಛಾಯಾಗ್ರಾಹಕರ ಬಳಿಯಿಂದ ಎದ್ದು ಬನ್ನಿ.

ಛಾಯಾಗ್ರಾಹಕ ಗಂಡಸಾದರೆ?

ಆಗಬಾರದೆಂದಿಲ್ಲ. ‘ಸ್ಟಾರ್ ಟ್ರೆಕ್’ನ ಸ್ಪಾಕ್ ಪಾತ್ರದಿಂದ ಹೆಸರಾದ ಲಿಯೊನಾರ್ಡ್ ನಿಮೊಯ್ 2007ರಲ್ಲಿ ದಪ್ಪ ಮೈಕಟ್ಟಿನ ಮಹಿಳೆಯರ ನಗ್ನಚಿತ್ರಗಳ ಪುಸ್ತಕ ಪ್ರಕಟಿಸಿದರು, ಅದರಲ್ಲಿ ಆ ಮಹಿಳೆಯರು ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುತ್ತಾರೆ. ಆದರೂ ಸರಣಿಗೆ ಬರುವವರು ಏನನ್ನು ಹೇಳಿಕೊಳ್ಳುತ್ತಾರೆ ಎಂಬುದು ಎದುರಿಗಿರುವವರನ್ನು ಅವಲಂಬಿಸುತ್ತದೆ, ನಮ್ಮ ಊರುಗಳಲ್ಲಂತೂ.

ಮುಖ ತೆಗೆದು ಅಂಗವನ್ನಷ್ಟೇ ತೋರಿಸಿದರೆ ಹೆಣ್ಣನ್ನು ಮತ್ತೆ ಅಂಗಕ್ಕೇ ಇಳಿಸಿದಂತಾಗುವುದಿಲ್ಲವೇ?

ಈ ಆಕ್ಷೇಪಕ್ಕೆ ತೂಕವಿದೆ. ಮಾತಿಲ್ಲದೆ ಚಿತ್ರಗಳನ್ನಷ್ಟೇ ಸಾಲಾಗಿ ಇಟ್ಟರೆ ಚಿಟ್ಟೆಗಳನ್ನು ಗುಂಡುಸೂಜಿಯಿಂದ ಚುಚ್ಚಿಟ್ಟ ಪೆಟ್ಟಿಗೆಯಂತಾಗುವ ಅಪಾಯವಿದ್ದೇ ಇದೆ. ಡಾಡ್ಸ್‌ವರ್ತ್ ಅವರ ಕೆಲಸ ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಲ್ಲಿನ ಮಾತುಗಳಿಂದ. ಹೆರಿಗೆ, ನೋವು, ಸುಖ, ಅವಮಾನ ಎಲ್ಲವನ್ನೂ ಹೇಳುವ ದನಿಗಳ ನಡುವೆ ಅಂಗವು ಒಬ್ಬಳ ಜೀವನದ ಭಾಗವಾಗಿಯೇ ಉಳಿಯುತ್ತದೆ.

ಎಲ್ಲ ನೋಡಿದ ಮೇಲೂ ನನ್ನ ದೇಹ ನನಗೆ ಇಷ್ಟವಾಗುತ್ತಿಲ್ಲ. ತಪ್ಪೇ?

ತಪ್ಪಲ್ಲ. ಇಷ್ಟಪಡುವುದನ್ನು ಇನ್ನೊಂದು ಕರ್ತವ್ಯವಾಗಿ ಹೊತ್ತುಕೊಳ್ಳಬೇಕಿಲ್ಲ. ಮೊಣಕೈ ಚೆಂದವೋ ಅಲ್ಲವೋ ಎಂದು ಯಾರೂ ಯೋಚಿಸುವುದಿಲ್ಲ. ಉಳಿದ ಅಂಗಗಳ ಬಗ್ಗೆಯೂ ಅಷ್ಟೇ ನಿರಾಳತೆ ಬಂದರೆ ಸಾಕು. ಆದರೆ ಆ ಚಿಂತೆ ಊಟ, ನಿದ್ದೆ, ಸಂಬಂಧಗಳನ್ನು ಕೆಡಿಸುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಬೇಕು.

ಹದಿಹರೆಯದ ಮಗಳು ಕೇಳಿದರೆ ಎಲ್ಲಿಂದ ಶುರುಮಾಡಲಿ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿರುವ ಹೆಣ್ಣಿನ ಪ್ರಜನನಾಂಗದ ಚಿತ್ರದಿಂದ. ಅದರಲ್ಲಿ ಅಂಡಾಶಯ, ಅಂಡನಾಳ, ಗರ್ಭಕೋಶ, ಯೋನಿಮಾರ್ಗ ಎಲ್ಲ ಇವೆ. ಹೊರಗೆ ಕಾಣುವ ಭಾಗ ಇಲ್ಲ. ಆ ಚಿತ್ರ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದಕ್ಕೆ ಪೆನ್ಸಿಲ್ ಹಿಡಿದು ಒಂದು ರೇಖಾಚಿತ್ರ ಬರೆಯಿರಿ, ಪಕ್ಕದಲ್ಲಿ ಅದಕ್ಕಿಂತ ಬೇರೆಯಾಗಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು ಬರೆದು, ಮೂರಕ್ಕೂ ಒಂದೇ ಹೆಸರು ಬರೆಯಿರಿ.